ಎಡಪ್ರಸಾದ

ಶಿಕಾರಿಪುರದ ನಂದೀಶ್ವರ ಹುಟ್ಟುವಳಿ ಮಾರಾಟ ಸಂಘಕ್ಕೆ ಕಂಪ್ಯೂಟರು ಬಂದದ್ದು ತೊಂಬತ್ತಾರನೇ ಇಸವಿಯ ಶ್ರಾವಣ ಮಾಸದಲ್ಲಿ, ಗೊಬ್ಬರದ ಲಾರಿಯಲ್ಲಿ, ಯೂರಿಯಾ ಚೀಲಗಳ ನಡುವೆ. ಮುಂದೆ ಅದು ಏರಿದ ಪದವಿಯನ್ನು ನೆನೆದರೆ ಕನಿಷ್ಠ ಒಂದು ಜೀಪಾದರೂ ಹೋಗಿ ಅದನ್ನು ಕರೆತರಬೇಕಿತ್ತು. ಆದರೆ ದೊಡ್ಡವರು ಊರಿಗೆ ಕಾಲಿಡುವ ದಿನ ಅವರು ದೊಡ್ಡವರೆಂದು ಯಾರಿಗೂ ಗೊತ್ತಿರುವುದಿಲ್ಲ. ಇಬ್ಬರು ಹಮಾಲರು ಅದನ್ನು ಇಳಿಸಿ, ಮೇಲಿನ ಧೂಳು ಕೊಡವಿ, ಸಂಘದ ಹಿಂದಿನ ಕೋಣೆಯ ಮೇಜಿನ ಮೇಲಿಟ್ಟು, ಬೀಡಿ ಸೇದಲು ಹೋದರು.

ಈ ಯಂತ್ರದ ಕುಲಗೋತ್ರವನ್ನು ಹೇಳದೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಸಂಘದ ಅಧ್ಯಕ್ಷರಾದ ತೋಟಪ್ಪನವರಿಗೆ ಕೊಟ್ರೇಶ್ ಎಂಬ ಭಾವಮೈದುನನಿದ್ದ. ಅವನಿಗೆ ಶಿವಮೊಗ್ಗದಲ್ಲಿ ಮಿಕ್ಸಿ, ಟೇಪ್‌ರೆಕಾರ್ಡರು ರಿಪೇರಿ ಮಾಡುವ ಅಂಗಡಿ. ಆ ವರ್ಷ ಬೋರ್ಡಿನಲ್ಲಿ ಸ್ವಲ್ಪ ಜಾಗ ಉಳಿದಿದೆಯೆಂದು ‘ಕಂಪ್ಯೂಟರ್’ ಎಂದೂ ಬರೆಸಿದ್ದ. ಕಂಪನಿಯಿಂದ ತರಿಸುವುದಕ್ಕಿಂತ ತಾನೇ ಜೋಡಿಸಿಕೊಟ್ಟರೆ ಸಂಘಕ್ಕೆ ಉಳಿತಾಯವೆಂದು ಭಾವನಿಗೆ ಹೇಳಿದ, ಭಾವ ಒಪ್ಪಿದರು. ಪೆಟ್ಟಿಗೆ ಒಂದು ಕಡೆಯದು, ಅದರ ಮೇಲೆ ಕೂರುವ ಟಿವಿಯಂಥದ್ದು ಇನ್ನೊಂದು ಕಡೆಯದು, ಅಕ್ಷರ ಒತ್ತುವ ಹಲಗೆ ಮತ್ತೆಲ್ಲಿಯದೋ. ಒಂದರ ಮುಖ ಒಂದು ನೋಡಿರದ ಇವನ್ನೆಲ್ಲ ಒಂದೇ ತಂತಿಗೆ ಕಟ್ಟಿ ಸಂಸಾರ ಮಾಡಿ ಎಂದರೆ ಅವಾದರೂ ಹೇಗೆ ಮಾಡಿಯಾವು?

ಮಾಡಲಿಲ್ಲ. ಬೆಳಗ್ಗೆ ಗುಂಡಿ ಒತ್ತಿದರೆ ಒಳಗೆ ಗಡಗಡ ಸದ್ದಾಗುತ್ತಿತ್ತು. ಕಪ್ಪು ಗಾಜಿನ ಮೇಲೆ ಒಂದು ಬಿಳಿ ಗೆರೆ ಮಿಣುಕುತ್ತಿತ್ತು. ಮಿಣುಕುತ್ತಲೇ ಇರುತ್ತಿತ್ತು. ಅಷ್ಟರಲ್ಲಿ ಒಬ್ಬ ಮನುಷ್ಯ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಚಹಾ ಕುಡಿದು, ಪೇಪರಿನಲ್ಲಿ ಮದುವೆ ಮುಂಜಿ ತಿಥಿಗಳನ್ನೆಲ್ಲ ಓದಿ ಬರಬಹುದಿತ್ತು. ರೈತ ತಂದ ಮಾಲಿನ ತೂಕದ ಚೀಟಿಯನ್ನು ಹಿಂದೆ ವೀಳ್ಯದೆಲೆ ಮಡಿಸುವಷ್ಟು ಹೊತ್ತಿನಲ್ಲಿ ಕೈಯಲ್ಲೇ ಬರೆದುಕೊಡುತ್ತಿದ್ದರು. ಈಗ ರೈತನ ಹೆಸರಿನ ಕೊನೆಯ ಅಕ್ಷರ ಒತ್ತಿ ಮುಗಿಸಿದ ಮೇಲೆ ಮೊದಲನೆಯ ಅಕ್ಷರ ಗಾಜಿನ ಮೇಲೆ ಕಾಣಿಸುತ್ತಿತ್ತು. ಉದ್ದ ಹೆಸರಿನವರು ಬುತ್ತಿ ಕಟ್ಟಿಕೊಂಡು ಬರತೊಡಗಿದರು.

ಈ ಯಂತ್ರದ ಮುಂದೆ ಕೂರುವ ಯೋಗ ಹಿರಿಯ ಗುಮಾಸ್ತರಾದ ಪಂಚಾಕ್ಷರಪ್ಪನವರಿಗೆ ಬಂತು. ಅವರು ಬಲು ಒಳ್ಳೆಯ ಮನುಷ್ಯ. ಯಾರ ಮಾತಿಗೂ ಎದುರಾಡಿದವರಲ್ಲ. ಅವರಲ್ಲಿದ್ದ ದೋಷ ಒಂದೇ: ‘ನನಗೆ ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಅವರಿಗೆ ತರಬೇತಿ ಕೊಡಿಸಿದ್ದರು. ಅಲ್ಲಿ ಕರೆಂಟ್ ಹೋಗಿದ್ದರಿಂದ ಯಂತ್ರ ಹಚ್ಚುವುದನ್ನು ಬಾಯಲ್ಲೇ ಕಲಿಸಿದ್ದರು. ಆರಿಸುವುದು ಕಣ್ಣೆದುರೇ ಆಗಿತ್ತು. ಇಷ್ಟು ವಿದ್ಯೆಯೊಂದಿಗೆ ಊರಿಗೆ ಮರಳಿದ ಪಂಚಾಕ್ಷರಪ್ಪನವರು ಕೋಣೆಯ ಬಾಗಿಲಿಗೆ ‘ಕಂಪ್ಯೂಟರ್ ವಿಭಾಗ’ ಎಂದು ಬಣ್ಣದಲ್ಲಿ ಬರೆಸಿದರು. ಆ ವಿಭಾಗದಲ್ಲಿ ಅವರನ್ನು ಬಿಟ್ಟು ಇನ್ನಾರೂ ಇರಲಿಲ್ಲ.

ರೈತರು ಕಾದು ಕಾದು ಬೇಸತ್ತು ಕೇಳಿದರು, ‘ಏನ್ರೀ ಇದು, ಸತ್ತೈತೋ ಬದುಕೈತೋ?’

ಸತ್ಯ ಹೇಳಿದರೆ ಅಧ್ಯಕ್ಷರ ಭಾವಮೈದುನನ ಮಾನ ಹೋಗುತ್ತದೆ. ಸುಮ್ಮನಿದ್ದರೆ ವಿಭಾಗದ ಮಾನ ಹೋಗುತ್ತದೆ. ಪಂಚಾಕ್ಷರಪ್ಪನವರು ಗಂಭೀರವಾಗಿ, ‘ಯೋಚನೆ ಮಾಡ್ತೈತ್ರಿ. ಇದು ಸಣ್ಣಪುಟ್ಟ ಮಿಷಿನ್ ಅಲ್ಲ. ಪೂರ್ತಾ ಯೋಚನೆ ಮಾಡೇ ಬಾಯಿ ಬಿಡೋದು’ ಎಂದರು.

ಈ ಮಾತಿಗೆ ತೂಕ ಬಂತು. ಯೋಚನೆ ಮಾಡಿ ಮಾತಾಡುವವರು ತಾಲ್ಲೂಕಿನಲ್ಲಿ ಎಷ್ಟು ಮಂದಿ ಇದ್ದಾರು? ಜನ ದನಿ ತಗ್ಗಿಸಿ ಕಾಯತೊಡಗಿದರು. ಪಂಚಾಕ್ಷರಪ್ಪನವರಿಗೆ ಮಾತ್ರ ಒಳಗೊಳಗೇ ಮೈ ಉರಿಯುತ್ತಿತ್ತು. ಯಂತ್ರಕ್ಕೆ ಎರಡು ಗುದ್ದಬೇಕೆಂದು ಕೈ ತುರಿಸಿದಾಗಲೆಲ್ಲ ಕಣ್ಣು ಮುಚ್ಚಿ ‘ಓಂ ನಮಃ ಶಿವಾಯ’ ಎಂದು ಜಪ ಮಾಡಿ ಸಿಟ್ಟು ನುಂಗುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅದು ಬೇರೆಯೇ ರೀತಿ ಕಂಡಿತು.

ಇನ್ನು ಹುಲಿಗೆಮ್ಮ. ಗಂಡ ಸಂಘದಲ್ಲಿ ಜವಾನನಾಗಿದ್ದಾಗಲೇ ತೀರಿಕೊಂಡ ಮೇಲೆ ಆ ಕೆಲಸ ಇವಳಿಗೆ ಬಂದಿತ್ತು. ಕಸ ಗುಡಿಸುವುದು, ನೀರಿಡುವುದು, ಗಂಟೆ ಬಾರಿಸುವುದು. ಇವುಗಳ ಜೊತೆಗೆ ಸಂಘದ ತಕ್ಕಡಿ, ತಿಜೋರಿಗಳಿಗೆ ಶುಕ್ರವಾರ ಪೂಜೆ. ಕಂಪ್ಯೂಟರು ಬಂದ ಮೇಲೆ ಅದಕ್ಕೆ ದಿನವೂ ಪೂಜೆ ಬೇಕೆಂದು ಅವಳೇ ತೀರ್ಮಾನಿಸಿದಳು. ‘ಎಲ್ಲಾಕ್ಕಿಂತ ಜಾಸ್ತಿ ಕೈ ಕೊಡೋದು ಇದೇ ಅಲ್ರೀ’ ಎಂಬುದು ಅವಳ ವಾದ. ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದು, ನೆತ್ತಿಯ ಮೇಲೆ ಒಂದು ಕಣಗಿಲೆ ಹೂವಿಟ್ಟು ಊದುಬತ್ತಿ ಬೆಳಗುತ್ತಿದ್ದಳು. ವಿಭೂತಿಯ ಹಿಂದಿನ ಅಂಕಿಗಳನ್ನು ಪಂಚಾಕ್ಷರಪ್ಪನವರು ಅಂದಾಜಿನ ಮೇಲೆ ಓದುತ್ತಿದ್ದರು.

ಹೀಗಿರುವಾಗ ಒಂದು ದಿನ ಈಸೂರಿನ ಪರಮಶಿವಪ್ಪ ಎಂಬ ರೈತ ಮೆಕ್ಕೆಜೋಳದ ಚೀಟಿಗಾಗಿ ಬಂದು ಕೂತ. ಅವನ ಮೈ ಬೆಂಚಿನ ಮೇಲಿತ್ತು. ಮನಸ್ಸೆಲ್ಲ ಶಿರಾಳಕೊಪ್ಪದಲ್ಲಿ ಯಾರೋ ಮಾರಲಿಟ್ಟಿದ್ದ ಹಳೇ ಟ್ರ್ಯಾಕ್ಟರಿನ ಮೇಲಿತ್ತು. ಯಂತ್ರ ಮಿಣುಕುತ್ತಿತ್ತು. ಪಂಚಾಕ್ಷರಪ್ಪನವರು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಊದುಬತ್ತಿಯ ಹೊಗೆ ಏಳುತ್ತಿತ್ತು. ಆ ಗಳಿಗೆಯಲ್ಲಿ ಪರಮಶಿವಪ್ಪನಿಗೆ ತಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು. ಕೈ ಜೋಡಿಸಿ, ‘ತಂದೇ, ಟ್ಯಾಕ್ಟ್ರು ತಗಳ್ಲೋ ಬ್ಯಾಡೋ?’ ಎಂದ.

ಕಣಗಿಲೆ ನಡುಗಿತು, ಜಾರಿತು, ಎಡಕ್ಕೆ ಬಿತ್ತು.

ದೇವರಲ್ಲಿ ಹೂವು ಕೇಳುವುದು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಪರಮಶಿವಪ್ಪ ಎದ್ದು ಕೆನ್ನೆ ಬಡಿದುಕೊಂಡು, ಚೀಟಿಯನ್ನೂ ಮರೆತು ಊರಿಗೆ ಹೋದ. ಆ ಟ್ರ್ಯಾಕ್ಟರನ್ನು ಇನ್ನೊಬ್ಬರು ಕೊಂಡರು. ಅದು ಅವರ ಮನೆ ಸೇರುವ ಮೊದಲೇ ಕೆರೆ ಏರಿಯ ಮೇಲೆ ನಿಂತು, ದೀಪಾವಳಿಯವರೆಗೂ ಅಲ್ಲೇ ನಿಂತಿತ್ತು. ಹೋಗಿ ಬರುವ ಬಸ್ಸಿನವರೆಲ್ಲ ಅದನ್ನು ನೋಡಿದರು. ಪರಮಶಿವಪ್ಪ ಪ್ರತಿಯೊಬ್ಬರಿಗೂ ಅದರ ಹಿಂದಿನ ಕಥೆ ಹೇಳಿದ.

ಮುಂದಿನ ವಾರದಿಂದ ಸಂಘಕ್ಕೆ ಮಾಲು ತರದವರೂ ಬರತೊಡಗಿದರು. ಕಂಪ್ಯೂಟರ್ ವಿಭಾಗದ ಹೊರಗೆ ಚಪ್ಪಲಿಗಳ ಸಾಲಾಯಿತು. ಅವುಗಳಲ್ಲಿ ಒಳ್ಳೆಯವು ಕಳುವಾಗತೊಡಗಿದವು. ಒಬ್ಬಾಕೆ ಗೇಟಿನ ಪಕ್ಕ ಕಣಗಿಲೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಳು. ನಿವೃತ್ತ ಮೇಷ್ಟ್ರೊಬ್ಬರು, ‘ಎಡ ಅಂದ್ರೆ ನಮ್ಮ ಎಡವೋ, ಅದರ ಎಡವೋ?’ ಎಂದು ಶಾಸ್ತ್ರ ಎತ್ತಿದರು. ಹುಲಿಗೆಮ್ಮ, ‘ಅದಕ್ಕೆ ಮುಖ ಎಲ್ಲೈತ್ರಿ ಮೇಷ್ಟ್ರೇ, ಬರೀ ಗಾಜೈತಿ. ನಾವು ಕುಂತು ನೋಡಿದ ಎಡಾನೇ ಎಡ’ ಎಂದು ಆ ಚರ್ಚೆಯನ್ನು ಅಲ್ಲಿಗೇ ಮುಗಿಸಿದಳು.

ಜಮೀನು ಪಾಲಾಗಬೇಕೆಂದು ಅಣ್ಣತಮ್ಮಂದಿರು ಕೇಳಿದರು: ಎಡಕ್ಕೆ ಬಿತ್ತು. ಬೋರು ಕೊರೆಸಲೇ ಎಂದು ಕೇಳಿದವನಿಗೂ ಎಡ. ಸೊರಬಕ್ಕೆ ವರ್ಗ ಕೇಳಲೇ ಎಂದು ಪೊಲೀಸ್ ದಫೇದಾರರು ಟೋಪಿ ತೆಗೆದು ಕೇಳಿದರು; ಅವರಿಗೂ ಎಡ. ಚುನಾವಣೆಗೆ ನಿಲ್ಲಬೇಕೆಂದಿದ್ದ ಇಬ್ಬರು ಎದುರಾಳಿಗಳು ಬೇರೆ ಬೇರೆ ದಿನ ಬಂದು ಬೇರೆ ಬೇರೆಯಾಗಿ ಎಡಪ್ರಸಾದ ಪಡೆದು, ಇಬ್ಬರೂ ನಿಲ್ಲಲಿಲ್ಲ. ಆ ಕಾರ್ತೀಕದಲ್ಲಿ ಶಿಕಾರಿಪುರದಲ್ಲಿ ಯಾರೂ ಏನನ್ನೂ ಶುರು ಮಾಡಲಿಲ್ಲ.

ಯಾವಾಗಲೂ ಎಡಕ್ಕೇ ಏಕೆ ಬೀಳುತ್ತದೆಂದು ಯಾರಿಗೂ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ದೇವರು ಬೇಡವೆಂದದ್ದನ್ನು ಯಾರೂ ಊರೆಲ್ಲ ಸಾರುತ್ತಾ ತಿರುಗುವುದಿಲ್ಲ. ಹೂವು ಕೇಳಲು ಬರುವವರು ಹೇಗೂ ಅರೆಮನಸ್ಸಿನಲ್ಲಿಯೇ ಬಂದಿರುತ್ತಾರೆ. ಬೇಡ ಎಂದೊಡನೆ ‘ನನಗೂ ಹಾಗೇ ಅನ್ನಿಸಿತ್ತು’ ಎಂದು ಹಗುರಾಗಿ ಮನೆಗೆ ಹೋಗುತ್ತಾರೆ. ಎಲ್ಲವನ್ನೂ ಕಂಡವಳು ಹುಲಿಗೆಮ್ಮ ಒಬ್ಬಳೇ. ಅವಳ ಭಕ್ತಿ ಅದರಿಂದ ಹೆಚ್ಚೇ ಆಯಿತು. ‘ಈ ಸ್ವಾಮಿ ಬಲು ಬಿಗೀರಿ. ಯಾರ ಮುಲಾಜಿಗೂ ಬೀಳಂಗಿಲ್ಲ’ ಎನ್ನುತ್ತಿದ್ದಳು.

ಚೀಟಿಯ ಕೆಲಸ ಪೂರ್ತಿ ನಿಂತುಹೋದಾಗ ಪಂಚಾಕ್ಷರಪ್ಪನವರು ಧೈರ್ಯ ಮಾಡಿ ಅಧ್ಯಕ್ಷರ ಬಳಿಗೆ ಹೋದರು. ‘ಸಾರ್, ಮಿಷಿನ್ ಬಲು ನಿಧಾನ. ಒಳಗೆ ಏನೋ ಗಡಗಡ ಅಂತೈತಿ. ಬೇರೆ ತರಿಸಿದ್ರೆ…’

‘ಗಡಗಡ ಅಂದ್ರೆ ಕೆಲ್ಸ ಮಾಡ್ತೈತಿ ಅಂತ ಅರ್ಥ ಕಣ್ರೀ. ಸುಮ್ನಿದ್ರೆ ನಿಮ್ಮಂಗೆ ನಿದ್ದಿ ಮಾಡ್ತೈತಿ ಅಂತ’ ಎಂದರು ತೋಟಪ್ಪನವರು. ಸಂಘದ ಹೆಸರು ಸೊರಬ, ಸಾಗರಗಳವರೆಗೂ ಹಬ್ಬಿರುವುದರಿಂದ ಅವರು ತುಂಬಾ ಹಿಗ್ಗಿದ್ದರು. ‘ಜನ ಕೈ ಮುಗೀತಾರೆ, ನೀವು ಮೂಗು ಮುರೀತೀರಿ. ಅದರ ಮೇಲೆ ಇನ್ನೊಂದು ಮಾತಾಡಿದ್ರೆ ಆನವಟ್ಟಿ ಗೋಡೌನಿಗೆ ಹಾಕಿಬಿಡ್ತೀನಿ. ಅಲ್ಲಿ ಇಲಿ ಎಣಿಸ್ಕೊಂಡು ಕೂತಿರಿ.’

ಆದರೂ ಒಂದು ದಿನ ಪಂಚಾಕ್ಷರಪ್ಪನವರು ಕೊಟ್ರೇಶನನ್ನು ಗುಟ್ಟಾಗಿ ಕರೆಸಿದರು. ಅವನು ಸ್ಕ್ರೂಡ್ರೈವರ್ ಹಿಡಿದು ಬಂದರೆ ಹುಲಿಗೆಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

‘ಸ್ನಾನ ಆಗೈತೇನ್ರಿ?’

‘ಬೆಳಗ್ಗೆ ಆಗೈತಿ.’

‘ಮಧ್ಯಾಹ್ನ ಎಲ್ಲಿ ಉಂಡ್ರಿ? ಏನು ಉಂಡ್ರಿ?’

ಕೊಟ್ರೇಶ್ ಸ್ವಲ್ಪ ಹೊತ್ತು ಯೋಚಿಸಿ ಸ್ಕ್ರೂಡ್ರೈವರನ್ನು ಜೇಬಿನಲ್ಲಿಟ್ಟುಕೊಂಡ. ಹೊರಗೆ ಹುಣಸೆಮರದಡಿ ನಿಂತು ಪಂಚಾಕ್ಷರಪ್ಪನವರ ಕಿವಿಯಲ್ಲಿ ಗುಟ್ಟು ಹೇಳಿದ. ಪೆಟ್ಟಿಗೆಯೊಳಗೆ ಗಾಳಿಗೆಂದು ಒಂದು ಪುಟ್ಟ ಫ್ಯಾನು ಇರುತ್ತದೆ. ಅದಕ್ಕೆ ಹಾಕಬೇಕಾದ ಸ್ಕ್ರೂಗಳಲ್ಲಿ ಅರ್ಧ ಮಾತ್ರ ಸಿಕ್ಕಿದ್ದವು; ಉಳಿದ ಕಡೆ ವೈರಿನ ತುಂಡು ಸುತ್ತಿ ಬಿಗಿದಿದ್ದ. ಅದು ಸಡಿಲವಾಗಿ ಕುಣಿಯುತ್ತದೆ. ಕುಣಿದಾಗ ಪೆಟ್ಟಿಗೆ ನಡುಗುತ್ತದೆ. ಮೇಜಿನ ಎಡಗಾಲು ಗಿಡ್ಡ. ‘ಅದಕ್ಕೇ ಹೂ ಅತ್ತ ಕಡೆ ಬೀಳ್ತೈತ್ರಿ. ಭಾವಂಗೆ ಮಾತ್ರ ಹೇಳಬ್ಯಾಡ್ರಿ’ ಎಂದು ಬಸ್ಸು ಹತ್ತಿದ. ಹೀಗೆ ದೇವರ ನಿಜಸ್ವರೂಪ ತಾಲ್ಲೂಕಿನಲ್ಲಿ ಒಬ್ಬರಿಗೆ ತಿಳಿಯಿತು. ಆ ಒಬ್ಬರು ಯಾರಿಗೂ ಹೇಳಲಾರದ ಮನುಷ್ಯರಾಗಿದ್ದರು.

ಪಂಚಾಕ್ಷರಪ್ಪನವರಿಗೆ ಒಬ್ಬಳೇ ಮಗಳು, ದೀಪಶ್ರೀ. ಅವಳಿಗೆ ಸೊರಬ ತಾಲ್ಲೂಕಿನ ಜಡೆಯಿಂದ ಸಂಬಂಧ ಬಂದಿತ್ತು. ಹುಡುಗ ಸಿದ್ಧಲಿಂಗೇಶ್, ಸೊರಬದಲ್ಲಿ ಹೈಸ್ಕೂಲು ಮೇಷ್ಟ್ರು. ಹೆಣ್ಣು ನೋಡಲು ಬಂದ ದಿನ, ದೊಡ್ಡವರೆಲ್ಲ ಮಳೆಬೆಳೆಯ ಮಾತಾಡುತ್ತಿದ್ದಾಗ, ಅವಲಕ್ಕಿ ತಟ್ಟೆ ಇಡಲು ಬಂದ ದೀಪಶ್ರೀ, ‘ಹುಡುಗ್ರು ನಿಮಗೆ ಹೆದರ್ತಾರಾ?’ ಎಂದು ನೇರವಾಗಿ ಕೇಳಿಬಿಟ್ಟಿದ್ದಳು. ಅವನು ‘ಇಲ್ಲ, ನಾನೇ ಹೆದರ್ತೀನಿ’ ಎಂದಿದ್ದ. ಅವರು ಹೋದ ಮೇಲೆ ಮಗಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ತನ್ನಷ್ಟಕ್ಕೇ ನಗುತ್ತಿದ್ದುದನ್ನು ಪಂಚಾಕ್ಷರಪ್ಪನವರು ಕಂಡಿದ್ದರು. ಅವರಿಗೆ ಜೀವನದಲ್ಲಿ ಖಚಿತವಾಗಿ ಗೊತ್ತಿದ್ದದ್ದು ಬಹಳ ಕಡಿಮೆ. ಈ ಹುಡುಗನ ಜೊತೆ ಮಗಳು ಸುಖವಾಗಿರುತ್ತಾಳೆ ಎಂಬುದು ಅದರಲ್ಲಿ ಒಂದು.

ಇನ್ನು ವೀಳ್ಯ ಬದಲಿಸುವುದೊಂದೇ ಬಾಕಿ ಎನ್ನುವಾಗ ಹುಡುಗನ ತಂದೆ ಉಜ್ಜಪ್ಪನವರು ಜಡೆಯಿಂದ ಒಬ್ಬರೇ ಬಂದಿಳಿದರು. ಅವರು ಯಾವುದನ್ನೂ ಮತ್ತೊಬ್ಬರನ್ನು ಕೇಳದೆ ಮಾಡಿದವರಲ್ಲ. ಜಾತಕ ಕೂಡಿತ್ತು, ಮಠದ ಸ್ವಾಮಿಗಳು ಹೂಂ ಎಂದಿದ್ದರು. ಆದರೂ ಮನಸ್ಸಿಗೆ ಇನ್ನೊಂದು ಗಟ್ಟಿ ಮಾತು ಬೇಕಿತ್ತು. ಕೂತವರೇ, ‘ಅಲ್ಲ ಮಾರಾಯ್ರೇ, ಅಂಥಾ ದೇವ್ರನ್ನ ಕೈಯಾಗೆ ಇಟ್ಕಂಡು ನಮಗೊಂದು ಮಾತು ಹೇಳ್ಲಿಲ್ಲಲ!’ ಎಂದರು.

ಪಂಚಾಕ್ಷರಪ್ಪನವರು ಏನೂ ಅರಿಯದವರಂತೆ ಕೇಳಿದರು, ‘ಯಾವ ದೇವ್ರು?’

‘ನಿಮ್ಮ ಕಂಪ್ಯೂಟ್ರು. ಬರೋ ಸೋಮವಾರ ನಾವೆಲ್ಲ ಬರ್ತೀವಿ. ಹೂ ಕೇಳಿಬಿಡಾಣ. ಬಲಕ್ಕೆ ಬಿದ್ರೆ ಅಲ್ಲೇ ವೀಳ್ಯ ಬದಲ್ಸಾಣ.’

‘ಎಡಕ್ಕೆ ಬಿದ್ರೆ?’

‘ಬಿದ್ರೆ ಎಂತ ಮಾಡಾಕೆ ಆಗ್ತದೆ? ನಿಮ್ಮ ದಾರಿ ನಿಮಗೆ, ನಮ್ಮ ದಾರಿ ನಮಗೆ. ಬೇಜಾರು ಬ್ಯಾಡ.’

‘ಅದು… ಮೆಕ್ಕೆಜೋಳದ ವಿಚಾರ ಬಿಟ್ರೆ ಬೇರೆ ಹೇಳಂಗಿಲ್ರಿ.’

‘ಟ್ಯಾಕ್ಟ್ರಿಂದು ಹೇಳಿತಂತಲ?’

‘ಸೋಮವಾರ ಕರೆಂಟ್ ಇರಲ್ರಿ.’

‘ಕಾಯ್ತೀವಿ. ಎಂತಕ್ಕೆ ಅವಸರ? ಅದೂ ನಿಧಾನವಂತೆ, ನಾವೂ ನಿಧಾನ.’

ಒಳಗಿನಿಂದ ಕಾಫಿ ತಂದ ಪಂಚಾಕ್ಷರಪ್ಪನವರ ಹೆಂಡತಿ ರಾಜೇಶ್ವರಮ್ಮನವರಿಗೆ ಆನಂದ ತಡೆಯಲಾಗಲಿಲ್ಲ. ಬೀಗರನ್ನು ಬಸ್ಸಿಗೆ ಕಳಿಸಿದ ಮೇಲೆ, ‘ದಿನಾ ಅದರ ಮುಂದೆ ಕುಂತು ಜಪ ಮಾಡೋರು ನೀವು. ನಿಮ್ಮ ಮಗಳ ವಿಚಾರಕ್ಕೆ ಅದು ಇಲ್ಲ ಅಂತೈತೇನ್ರಿ?’ ಎಂದರು.

‘ಅದು ಬರೀ ಫ್ಯಾನು ಕಣೇ’ ಎಂದರು ಪಂಚಾಕ್ಷರಪ್ಪನವರು ದೈನ್ಯದಿಂದ.

‘ಏನಂದ್ರಿ? ಮದುವಿ ಮಾತಾಡೋ ಹೊತ್ನಾಗೆ! ಕೆನ್ನಿ ಬಡಕೊಳ್ರಿ ಮೊದಲು!’

ಅವರು ಬಡಿದುಕೊಂಡರು.

ಸೋಮವಾರ ನಸುಕಿಗೇ ಪಂಚಾಕ್ಷರಪ್ಪನವರು ಸಂಘಕ್ಕೆ ಹೋಗಿ ಬೀಗ ತೆಗೆದರು. ಅವರ ಕೈಯಲ್ಲಿ ಮಡಿಸಿದ ರಟ್ಟಿನ ತುಂಡಿತ್ತು. ಮೇಜಿನ ಗಿಡ್ಡಗಾಲಿನ ಕೆಳಗೆ ಅದನ್ನು ಸೇರಿಸಿದರೆ ಎಡದ ತಗ್ಗು ಮುಚ್ಚುತ್ತದೆ. ಇನ್ನೊಂದು ಮಡಿಕೆ ಹೆಚ್ಚಿಗೆ ಹಾಕಿದರೆ ದೇವರು ಬಲಕ್ಕೆ ಒಲಿಯುತ್ತಾನೆ. ಮಹಾಪಾಪವೇ ಇರಬಹುದು, ಆದರೆ ಮಗಳ ಮುಖ ನೆನಪಾಗಿ ಅವರು ನೆಲದ ಮೇಲೆ ಬೋರಲು ಮಲಗಿ, ತೆವಳಿ, ರಟ್ಟನ್ನು ಸೇರಿಸಿದರು. ಏಳಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಬಳೆಯ ಸದ್ದಾಯಿತು.

ಹುಲಿಗೆಮ್ಮ ಪೊರಕೆ ಹಿಡಿದು ನಿಂತಿದ್ದಳು. ಹಿರಿಯ ಗುಮಾಸ್ತರು ಯಂತ್ರದ ಮುಂದೆ ಉದ್ದಕ್ಕೆ ಬಿದ್ದಿದ್ದನ್ನು ಕಂಡು ಅವಳ ಕಣ್ಣಲ್ಲಿ ನೀರು ಬಂತು. ‘ಅಡ್ಡಬಿದ್ರೇನ್ರಿ ಯಪ್ಪಾ! ಬೀಳ್ರಿ, ಬೀಳ್ರಿ. ಇವತ್ತು ನಿಮ್ಮ ಮನಿ ವಿಚಾರ ಐತಲ್ರೀ’ ಎಂದು ತಾನೂ ಪಕ್ಕದಲ್ಲಿ ಅಡ್ಡಬಿದ್ದಳು. ಅಡ್ಡಬಿದ್ದಲ್ಲಿಂದ ಅವಳಿಗೆ ಮೇಜಿನ ಕಾಲು ಕಾಣಿಸಿತು. ‘ಯಾವ ಮುಟ್ಠಾಳ ಇಲ್ಲಿ ಕಸ ತುರುಕ್ಯಾನೆ?’ ಎಂದು ರಟ್ಟನ್ನು ಕಿತ್ತು, ಗುಡಿಸಿ, ಹೊರಗೆ ಎಸೆದಳು. ಆಮೇಲೆ ಕೋಣೆ ಸಾರಿಸಿ, ಹೊಸ್ತಿಲಿಗೆ ರಂಗೋಲಿ ಹಾಕಿ, ಅಲ್ಲೇ ಕಾವಲು ಕೂತಳು. ಪಂಚಾಕ್ಷರಪ್ಪನವರಿಗೆ ಮತ್ತೆ ಆ ಮೇಜಿನ ಹತ್ತಿರ ಸುಳಿಯಲು ದಾರಿಯಾಗಲಿಲ್ಲ.

ಸೊರಬದ ಬಸ್ಸಿಗೆ ಬೀಗರು ಬಂದರು. ಉಜ್ಜಪ್ಪನವರು, ಹೊಸ ಅಂಗಿ ತೊಟ್ಟ ಸಿದ್ಧಲಿಂಗೇಶ್, ಅವರ ಕಡೆಯ ನಾಲ್ಕಾರು ಹಿರಿಯರು. ಇತ್ತ ರಾಜೇಶ್ವರಮ್ಮ ವೀಳ್ಯದ ತಟ್ಟೆ ಹಿಡಿದು, ದೀಪಶ್ರೀಯನ್ನು ಕರೆದುಕೊಂಡು ಬಂದರು. ಅಧ್ಯಕ್ಷರು ಶಾಲು ಹೊದ್ದು ಬಂದರು. ಈಸೂರಿನ ಪರಮಶಿವಪ್ಪನನ್ನು ಯಾರೂ ಕರೆದಿರಲಿಲ್ಲ. ದೇವರನ್ನು ಮೊದಲು ಕಂಡವನು ತಾನೆಂಬ ಹಕ್ಕಿನಿಂದ ಬಂದಿದ್ದ. ಹಿಂದೆ ಎಡಪ್ರಸಾದ ಪಡೆದವರೂ ಕಿಟಕಿಯ ಸರಳು ಹಿಡಿದು ನಿಂತಿದ್ದರು.

ಪಂಚಾಕ್ಷರಪ್ಪನವರು ಗುಂಡಿ ಒತ್ತಿದರು. ಗಡಗಡ ಶುರುವಾಯಿತು. ಗಾಜಿನ ಮೇಲೆ ಬಿಳಿ ಗೆರೆ ಮಿಣುಕಿತು. ಹುಲಿಗೆಮ್ಮ ಹೂವಿಟ್ಟು ಕೈ ಮುಗಿದಳು. ಉಜ್ಜಪ್ಪನವರು ಮನಸ್ಸಿನಲ್ಲೇ ಪ್ರಶ್ನೆ ಕೇಳಿ ಕಣ್ಣು ಮುಚ್ಚಿ ಕೂತರು.

ಹೊತ್ತಾಯಿತು. ಹೂವು ಅಲುಗಲಿಲ್ಲ. ಫ್ಯಾನು ಅಂದು ಯಾವ ಪುಣ್ಯಕ್ಕೋ ಮೆಲ್ಲಗೆ ತಿರುಗುತ್ತಿತ್ತು. ರಾಜೇಶ್ವರಮ್ಮನವರ ಕೈಯಲ್ಲಿ ತಟ್ಟೆ ಭಾರವಾಯಿತು. ಬೀಗರ ಕಡೆಯ ಮುದುಕರೊಬ್ಬರು ಗೋಡೆಗೊರಗಿ ನಿದ್ದೆ ಹೋದರು.

‘ಎಂತ ಇದು, ಇಷ್ಟು ಹೊತ್ತಾ?’ ಎಂದು ಉಜ್ಜಪ್ಪನವರು ಒಂದು ಕಣ್ಣು ತೆರೆದರು.

‘ಯೋಚನೆ ಮಾಡ್ತೈತ್ರಿ’ ಎಂದಳು ಹುಲಿಗೆಮ್ಮ.

‘ಯೋಚನೆ ಮಾಡ್ತೈತ್ರಿ’ ಎಂದರು ಕಿಟಕಿಯವರೆಲ್ಲ.

ಪಂಚಾಕ್ಷರಪ್ಪನವರಿಗೆ ತಮ್ಮದೇ ಮಾತು ಇಡೀ ಊರಿನ ಬಾಯಲ್ಲಿ ಕೇಳಿಸಿತು. ಅವರು ಮಗಳ ಕಡೆ ನೋಡಿದರು. ಹೆದರದೆ ಬೆದರದೆ ಮೇಷ್ಟ್ರನ್ನೇ ಪ್ರಶ್ನೆ ಕೇಳಿದ್ದ ಹುಡುಗಿ ಈಗ ಸೆರಗಿನ ತುದಿ ಕಚ್ಚಿಕೊಂಡು ಒಂದು ಕಣಗಿಲೆ ಹೂವನ್ನು ದಿಟ್ಟಿಸುತ್ತಿದ್ದಳು. ಆಚೆ ಸಿದ್ಧಲಿಂಗೇಶನೂ ಅದನ್ನೇ ನೋಡುತ್ತಿದ್ದ. ಅವನ ಹಣೆಯಲ್ಲಿ ಬೆವರಿತ್ತು.

ಅಷ್ಟರಲ್ಲಿ ಫ್ಯಾನಿಗೆ ತನ್ನ ಗುಣ ನೆನಪಾಯಿತು. ಗಡಗಡ ಜೋರಾಯಿತು. ಪೆಟ್ಟಿಗೆ ನಡುಗಿತು. ಹೂವು ಮೆಲ್ಲಗೆ ತಿರುಗಿ, ಎಡಕ್ಕೆ ಜರುಗಿ, ಅಂಚಿಗೆ ಬಂದು, ಬಿತ್ತು.

ನೆಲಕ್ಕಲ್ಲ, ಪಂಚಾಕ್ಷರಪ್ಪನವರ ಕೈಗೆ ಬಿತ್ತು. ಅವರು ಯಾವಾಗ ಎದ್ದರು, ಯಾವಾಗ ಕೈ ಚಾಚಿದರು ಎಂಬುದು ಅವರಿಗೇ ತಿಳಿಯಲಿಲ್ಲ.

‘ಅಯ್ಯಯ್ಯೋ ಸ್ವಾಮೀ!’ ಎಂದು ಹುಲಿಗೆಮ್ಮ ಕಿರುಚಿದಳು. ದೇವರ ಪ್ರಸಾದವನ್ನು ನಡುದಾರಿಯಲ್ಲಿ ಹಿಡಿದ ಪಾಪಿಯನ್ನು ಶಿಕಾರಿಪುರ ಅಲ್ಲಿಯವರೆಗೆ ಕಂಡಿರಲಿಲ್ಲ. ರಾಜೇಶ್ವರಮ್ಮನವರ ತಟ್ಟೆಯಿಂದ ಅಡಿಕೆಗಳು ಉರುಳಿದವು. ಮುದುಕರಿಗೆ ಎಚ್ಚರವಾಯಿತು.

‘ಏನ್ರೀ ಇದು! ತಲಿ ಕೆಟ್ಟೈತೇನ್ರಿ?’ ಎಂದು ಅಧ್ಯಕ್ಷರು ಗುಡುಗಿದರು.

‘ಇದು ದೇವ್ರಲ್ರಿ’ ಎಂದರು ಪಂಚಾಕ್ಷರಪ್ಪನವರು. ಅವರ ಧ್ವನಿ ಅವರಿಗೇ ಬೇರೆಯವರದಂತೆ ಕೇಳಿಸಿತು. ‘ಇದು ಯೋಚನೆ ಮಾಡಂಗಿಲ್ರಿ. ನಿಧಾನ, ಅಷ್ಟೇ. ಯೋಚನೆ ಮಾಡ್ತೈತಿ ಅಂತ ಸುಳ್ಳು ಹೇಳ್ದೋನು ನಾನು. ನನಗೆ ಈ ಮಿಷಿನ್ ಬಗ್ಗೆ ಏನೂ ಗೊತ್ತಿಲ್ರಿ.’

ಆ ಮಾತು ಅವರ ಬಾಯಿಂದ ಹೊರಟದ್ದು ಹುಟ್ಟಿದ ಮೇಲೆ ಅದೇ ಮೊದಲು. ಒಮ್ಮೆ ಹೊರಟ ಮೇಲೆ ತಡೆಯಿಲ್ಲದಾಯಿತು. ಅವರು ಟಿವಿಯಂಥದ್ದನ್ನು ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯ ಮುಚ್ಚಳವನ್ನು ಎತ್ತಿದರು. ಅದಕ್ಕೂ ಸ್ಕ್ರೂ ಇರಲಿಲ್ಲ, ಕೊಪ್ಪರಿಗೆಯ ಮುಚ್ಚಳದಂತೆ ಎದ್ದುಬಂತು. ಒಳಗೆ ಧೂಳು, ಊದುಬತ್ತಿಯ ಬೂದಿ, ವೈರುಗಳ ಸಿಕ್ಕು. ಅದರ ನಡುವೆ ಒಂದು ಬದಿ ಜೋತುಬಿದ್ದು ಗಡಗಡ ಕುಣಿಯುತ್ತಿದ್ದ ಪುಟ್ಟ ಫ್ಯಾನು. ಎಲ್ಲರೂ ಬಗ್ಗಿ ನೋಡಿದರು.

‘ಕೊಟ್ರೇಶಪ್ಪ ಸ್ಕ್ರೂ ಬದ್ಲು ವೈರು ಸುತ್ಯಾನ್ರಿ. ಮೇಜಿನ ಈ ಕಾಲು ಗಿಡ್ಡ ಐತಿ. ನೋಡ್ರಿ.’ ಅವರು ಪೆಟ್ಟಿಗೆಯ ಅಂಚಿನ ಮೇಲೆ ಹೂವಿಟ್ಟರು, ಎಡಕ್ಕೆ ಬಿತ್ತು. ಮತ್ತೆ ಇಟ್ಟರು, ಎಡಕ್ಕೇ ಬಿತ್ತು. ಫ್ಯಾನನ್ನು ಬೆರಳಿಂದ ಒತ್ತಿಹಿಡಿದರು. ನಡುಕ ನಿಂತಿತು, ಹೂವು ಇದ್ದಲ್ಲೇ ಕೂತಿತು. ಬೆರಳು ತೆಗೆದರು, ಎಡಕ್ಕೆ ಬಿತ್ತು. ‘ಸಾವಿರ ಸಲ ಕೇಳಿದ್ರೂ ಇದೇ ಉತ್ತರ. ನನ್ನ ಮಗಳ ಬಾಳು ಈ ಫ್ಯಾನು ಹೇಳಿದಂಗೆ ನಡೀಬಾರ್ದ್ರಿ.’

ಮೊದಲು ಬಾಯಿ ಬಿಟ್ಟದ್ದು ಕಿಟಕಿ.

‘ಹಂಗಾದ್ರೆ ನನ್ನ ಬೋರು?’

‘ನಮ್ಮ ಪಾಲು?’

‘ಎಲಾ ಇವನ! ಫ್ಯಾನು ಹೇಳಿತು ಅಂತ ನಾನು ಎಲೆಕ್ಷನ್ ಬಿಟ್ಟೆನಾ?’

ದಫೇದಾರರು ಟೋಪಿ ಹಾಕಿಕೊಂಡರು. ಪರಮಶಿವಪ್ಪ ಮಾತ್ರ, ‘ನಂದು ಖರೇನೇ ಆತಲ್ರಿ, ಟ್ಯಾಕ್ಟ್ರು ಕೆಟ್ಟೇ ಹೋತಲ್ಲ’ ಎಂದು ಒಬ್ಬನೇ ವಾದಿಸುತ್ತಿದ್ದ. ಭಾವಮೈದುನನ ಹೆಸರು ಸಭೆಯಲ್ಲಿ ಬಂದದ್ದಕ್ಕೆ ತೋಟಪ್ಪನವರ ಮುಖ ಕೆಂಪಾಗಿತ್ತು. ‘ಪಂಚಾಕ್ಷರಪ್ಪಾ, ನಾಳೆಯಿಂದ ನೀವು ಆನವಟ್ಟಿ ಗೋಡೌನು! ಈ ಕಡೆ ಮುಖ ಹಾಕಬ್ಯಾಡ್ರಿ!’ ಎಂದು ಶಾಲು ಕೊಡವಿ ಹೊರಗೆ ಹೋದರು. ಹೋಗುವಾಗ ಅಭ್ಯಾಸಬಲದಿಂದ ಯಂತ್ರಕ್ಕೆ ಕೈ ಮುಗಿದದ್ದನ್ನು ಕೆಲವರು ನೋಡಿದರು.

ಹುಲಿಗೆಮ್ಮ ಗೋಡೆಯ ಬುಡದಲ್ಲಿ ಕುಸಿದು ಅಳುತ್ತಿದ್ದಳು. ‘ಒಂದು ದಿನ ತಪ್ಪಿಸ್ದಂಗೆ ಹೂ ಇಟ್ಟೆನಲ್ರೀ…’

‘ನಿನ್ನ ತಪ್ಪಲ್ಲ ತಾಯಿ, ನಂದು’ ಎಂದರು ಪಂಚಾಕ್ಷರಪ್ಪನವರು. ಅವಳನ್ನು ನೋಡಿ ಅವರಿಗೆ ನಿಜವಾಗಿ ಸಂಕಟವಾಯಿತು. ಆಮೇಲೆ ಬೀಗರ ಕಡೆ ತಿರುಗಲು ಧೈರ್ಯ ಸಾಲದೆ ನೆಲದ ಮೇಲಿನ ಅಡಿಕೆಗಳನ್ನು ಆಯತೊಡಗಿದರು. ದೇವರ ಹೊಟ್ಟೆ ಬಗೆದು ತೋರಿಸಿದವನ ಮನೆಯ ಹೆಣ್ಣನ್ನು ಯಾರು ತಾನೇ ಒಪ್ಪುತ್ತಾರೆ?

ಉಜ್ಜಪ್ಪನವರು ಇನ್ನೂ ಕೂತಲ್ಲೇ ಕೂತಿದ್ದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ದಾರಿ ತಪ್ಪಿದವರ ಹಾಗೆ ಸುತ್ತ ನೋಡುತ್ತಿದ್ದರು. ಕೊನೆಗೆ, ‘ಅಲ್ಲ ಮಾರಾಯ್ರೇ, ಹಂಗಾದ್ರೆ ನಾನೀಗ ಯಾರನ್ನ ಕೇಳ್ಲಿ?’ ಎಂದರು.

ಹುಲಿಗೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಸಿಟ್ಟಿನಿಂದಲೋ ದುಃಖದಿಂದಲೋ, ‘ಹುಡುಗಿ ಇಲ್ಲೇ ನಿಂತಾಳಲ್ರಿ. ಆಕೀನ ಕೇಳ್ರಿ’ ಎಂದಳು.

ಇದು ಉಜ್ಜಪ್ಪನವರಿಗೆ ಹೊಳೆದೇ ಇರಲಿಲ್ಲ. ಜಾತಕ ಕೇಳಿದ್ದರು, ಮಠ ಕೇಳಿದ್ದರು, ಫ್ಯಾನು ಕೇಳಿದ್ದರು. ಅವರು ನಿಧಾನವಾಗಿ ತಿರುಗಿ, ಗಂಟಲು ಸರಿಮಾಡಿಕೊಂಡು, ‘ಏನಮ್ಮಾ, ನಮ್ಮ ಸಿದ್ಧಲಿಂಗೇಶನ್ನ ನೀನು…’ ಎಂದು ಆರಂಭಿಸಿದರು.

‘ಒಪ್ಪೀನ್ರಿ’ ಎಂದಳು ದೀಪಶ್ರೀ.

ಉಜ್ಜಪ್ಪನವರ ಪ್ರಶ್ನೆ ಇನ್ನೂ ಅರ್ಧ ಅವರ ಬಾಯಲ್ಲೇ ಇತ್ತು. ಆ ಕೋಣೆಯಲ್ಲಿ ಕೇಳಿದ್ದಕ್ಕೆ ಇಷ್ಟು ಬೇಗ ಉತ್ತರ ಬಂದದ್ದನ್ನು ಯಾರೂ ಕಂಡಿರಲಿಲ್ಲ. ರಾಜೇಶ್ವರಮ್ಮ ಬಾಯಿಗೆ ಸೆರಗು ಇಟ್ಟುಕೊಂಡರು. ಸಿದ್ಧಲಿಂಗೇಶ್ ಹಣೆ ಒರೆಸಿಕೊಂಡ. ಉಜ್ಜಪ್ಪನವರು ಮಗನನ್ನೂ ಅವಳನ್ನೂ ಒಮ್ಮೆ ನೋಡಿ, ‘ವೀಳ್ಯದ ತಟ್ಟೆ ಎಲ್ಲಿ?’ ಎಂದು ಕೇಳಿದರು.

ಪಂಚಾಕ್ಷರಪ್ಪನವರು ಆಯ್ದ ಅಡಿಕೆಗಳನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತರು. ಕಣ್ಣೀರು ಒರೆಸಿಕೊಳ್ಳಲು ಅವರಿಗೆ ಕೈ ಖಾಲಿ ಇರಲಿಲ್ಲ. ಅವರ ಹಿಂದೆ ಮುಚ್ಚಳವಿಲ್ಲದ ಯಂತ್ರ ಇನ್ನೂ ಶುರುವಾಗುತ್ತಲೇ ಇತ್ತು.